ಹತ್ತಿರ ಬಂದ ಹಕ್ಕಿ

ಸಭೆಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ನಾಳಿದ್ದು ದ್ವೀಪಕ್ಕೆ ಹೊರಟಿರುವ ನಮ್ಮ ಸಂಘದ ಐವರು ಛಾಯಾಗ್ರಾಹಕರೇ, ಅವರ ಮನೆಯವರೇ, ಸಭಿಕರೇ,

ಮೊದಲಿಗೆ ಕ್ಷಮೆ ಇರಲಿ. ವೇದಿಕೆ ಹತ್ತದೆ ಕೆಳಗಿನಿಂದಲೇ ಮಾತನಾಡುತ್ತಿದ್ದೇನೆ. ಮಂಡಿನೋವು ಎಂದು ಕಾರ್ಯದರ್ಶಿಗಳಿಗೆ ಹೇಳಿದ್ದೆ. ಮಂಡಿ ಚೆನ್ನಾಗಿಯೇ ಇದೆ. ಕಾರಣ ಬೇರೆ, ಹೇಳುತ್ತೇನೆ.

ತಂಡಕ್ಕೆ ನಾಲ್ಕು ಧೈರ್ಯದ ಮಾತು ಹೇಳಿ ಎಂದು ಅಧ್ಯಕ್ಷರ ಅಪ್ಪಣೆ. ಆಹ್ವಾನ ಪತ್ರಿಕೆಯಲ್ಲಿ ನನ್ನನ್ನು 'ಎದೆಗಾರ ಛಾಯಾಗ್ರಾಹಕ' ಎಂದು ಅಚ್ಚು ಹಾಕಿಸಿದ್ದಾರೆ. ದಿನಪತ್ರಿಕೆಯಲ್ಲಿ ದುಡಿದು ನಿವೃತ್ತನಾದವನು ನಾನು. ಅಚ್ಚಾದದ್ದೆಲ್ಲ ನಿಜವಲ್ಲ ಎಂದು ನನಗಿಂತ ಚೆನ್ನಾಗಿ ಯಾರು ಬಲ್ಲರು?

ಹೊರಟ ಐವರಲ್ಲಿ ನನ್ನ ಮಗಳೂ ಇದ್ದಾಳೆ. ಎರಡನೇ ಸಾಲಿನಲ್ಲಿ ಕುಳಿತಿದ್ದಾಳೆ. ಮನೆಯಲ್ಲಿ ಬೇಡ ಎಂದೆ. "ಅಪ್ಪ, ನೀನು ಹೋಗಿ ಬಂದಿಲ್ವಾ? ಏನಾಯ್ತು? ಪ್ರಶಸ್ತಿ ಬಂತು ತಾನೇ?" ಎಂದಳು. ಅವಳಮ್ಮ, "ಅಪ್ಪನಿಗೊಂದು ನ್ಯಾಯ, ಮಗಳಿಗೊಂದು ನ್ಯಾಯಾನಾ?" ಎಂದಳು. ಇಷ್ಟು ವರ್ಷ ನುಂಗಿಕೊಂಡದ್ದನ್ನು ಅಡುಗೆಮನೆಯಲ್ಲಿ ನಿಂತು ಹೇಳಲಾಗಲಿಲ್ಲ. ಮೈಕಿನ ಮುಂದೆ ಹೇಳುವುದೇ ಸುಲಭ.

ಆ ದ್ವೀಪದಲ್ಲಿ ದೋಣಿ ಕಟ್ಟಿ ನಿಲ್ಲಿಸುವ ಜಾಗವಿಲ್ಲ. ಅಲೆ ದೋಣಿಯನ್ನು ಬಂಡೆಯ ಮಟ್ಟಕ್ಕೆ ಎತ್ತಿದಾಗ ಹಾರಿಕೊಳ್ಳಬೇಕು. "ಮೇಲೆ ಬಂದಾಗ ಹಾರಿ ಸಾರ್, ದೋಣಿ ಕೆಳಗಿಳಿಯುವಾಗ ಹಾರೋ ಯೋಚನೆನೂ ಮಾಡ್ಬೇಡಿ" ಎಂದ ದೋಣಿಯವನು. ಹಾರಿದೆ. ಭಯ ಅಲ್ಲಿರಲಿಲ್ಲ. ಭಯ ಹಕ್ಕಿಯ ಹತ್ತಿರ ಇತ್ತು.

ನಗಬೇಡಿ. ಆ ಗೋಡೆಯ ಮೇಲೆ ದೊಡ್ಡದು ಮಾಡಿಸಿ ತೂಗುಹಾಕಿದ್ದೀರಲ್ಲ, ಕೆಂಪು ಕೊಕ್ಕಿನ ಬಿಳಿ ಹಕ್ಕಿ, ಅದೇ. ಅಲ್ಲಿ ಮನುಷ್ಯರಿಲ್ಲ, ಹಾಗಾಗಿ ಅದಕ್ಕೆ ಮನುಷ್ಯರೆಂದರೆ ಹೆದರಿಕೆಯಿಲ್ಲ. ಎತ್ತರದ ಬಂಡೆಯ ಮೇಲೆ, ಕಡಲಿಗೆ ಬೆನ್ನು ಮಾಡಿ ಗುರಿಯಿಟ್ಟು ನಿಂತಿದ್ದೆ. ಹಕ್ಕಿ ನನ್ನ ಕಡೆಗೇ ನಡೆದು ಬಂತು. ಉದ್ದ ಲೆನ್ಸಿನ ಚಾಳಿ ನಮಗೆಲ್ಲ ಗೊತ್ತು: ದೂರದ್ದು ಸ್ಪಷ್ಟ, ತೀರ ಹತ್ತಿರದ್ದು ಮಸುಕು. ಮಸುಕಾಯಿತು. ಒಂದು ಹೆಜ್ಜೆ ಹಿಂದೆ ಇಟ್ಟೆ. ಸ್ಪಷ್ಟವಾಯಿತು. ಹಕ್ಕಿ ಮತ್ತೆ ಮುಂದೆ ಬಂತು. ಮತ್ತೆ ಹಿಂದೆ ಇಟ್ಟೆ. ಜನ್ಮಕ್ಕೊಮ್ಮೆ ಸಿಗುವ ಹಕ್ಕಿ ಎದುರಿಗೇ ನಡೆದು ಬರುವಾಗ ಕ್ಯಾಮೆರಾದಿಂದ ಕಣ್ಣು ತೆಗೆಯುವವರು ಯಾರಿದ್ದಾರೆ? ನೀವು ತೆಗೆಯುತ್ತೀರಾ?

ಹಕ್ಕಿಯ ಕಣ್ಣಿನ ಹೊಳಪನ್ನು ತೀರ್ಪುಗಾರರು ಹೊಗಳಿ ಬರೆದರು. ಆ ಹೊಳಪು ಸಿಕ್ಕ ಗಳಿಗೆಯಲ್ಲಿ ನನ್ನ ಬಲ ಹಿಮ್ಮಡಿಯ ಕೆಳಗೆ ಬಂಡೆ ಇರಲಿಲ್ಲ.

ಮುಂದಕ್ಕೆ ಕುಸಿದೆ. ಜಾಣತನದಿಂದಲ್ಲ, ಲೆನ್ಸಿನ ಭಾರಕ್ಕೆ. ಆಮೇಲೆ ಏಳಲಾಗಲಿಲ್ಲ. ಕೆಳಗೆ ನೀರು ಬಂಡೆಗೆ ಅಪ್ಪಳಿಸುವ ಸದ್ದು ಕೇಳುತ್ತಿತ್ತು. ಹಕ್ಕಿ ಪಕ್ಕದಲ್ಲೇ ಕುಳಿತು ಗರಿ ಸರಿಮಾಡಿಕೊಳ್ಳುತ್ತಿತ್ತು. ಎಷ್ಟು ಹೊತ್ತಾದರೂ ಬಾರದ ನನ್ನನ್ನು ದೋಣಿಯವನು ಹುಡುಕಿಕೊಂಡು ಬಂದ. "ಏನ್ ಸಾರ್, ನೀವೂ ಮೊಟ್ಟೆ ಇಟ್ರಾ?" ಎಂದ. ನನ್ನ ಮುಖ ನೋಡಿದವನೇ ನಗು ನಿಲ್ಲಿಸಿ, ಬೆಲ್ಟ್ ಹಿಡಿದು ಅಂಚಿನಿಂದ ಎಳೆದುಕೊಂಡು ಹೋದ.

ಅಂದಿನಿಂದ ಬೆನ್ನ ಹಿಂದೆ ಗೋಡೆಯಿಲ್ಲದ ಎತ್ತರದಲ್ಲಿ ನಾನು ನಿಂತಿಲ್ಲ. ಈ ವೇದಿಕೆಯ ಹಿಂದೆ ಇರುವುದು ಬರೀ ಪರದೆ. ಇಲ್ಲಿ ಕಂಬಕ್ಕೆ ಒರಗಿದ್ದೇನೆ. ಮಂಡಿನೋವಿನ ಕಥೆ ಇಷ್ಟೇ.

ಹೊರಟವರು ನುರಿತವರು. ಹಗ್ಗವಿದೆ, ಔಷಧಿಯಿದೆ, ಎಲ್ಲ ಇದೆ. ಆದರೆ ಐವರ ಕಣ್ಣಿಗೂ ಕ್ಯಾಮೆರಾ. ಹಿಂದೆ ನೋಡುವವರು ಯಾರು? 'ಈಗ ಹೇಳಿದಿರಲ್ಲ, ಇನ್ನು ಎಚ್ಚರವಾಗಿರುತ್ತಾರೆ' ಎನ್ನುತ್ತೀರಿ. ಎಚ್ಚರ ನನಗೂ ಗೊತ್ತಿತ್ತು, ಸ್ವಾಮಿ. ಹಕ್ಕಿ ಹತ್ತಿರ ಬಂದಾಗ ಅದು ನೆನಪಿಗೆ ಬರುವುದಿಲ್ಲ.

ಅಧ್ಯಕ್ಷರೇ, ದೋಣಿಯಲ್ಲಿ ಇನ್ನೊಬ್ಬರಿಗೆ ಜಾಗವಿದೆ ಎಂದು ವಿಚಾರಿಸಿಕೊಂಡೇ ಬಂದಿದ್ದೇನೆ. ನನ್ನನ್ನು ಸೇರಿಸಿಕೊಳ್ಳಿ. ಕ್ಯಾಮೆರಾ ತರುವುದಿಲ್ಲ. ಅವರ ಹಿಂದೆ ನಿಲ್ಲುತ್ತೇನೆ. ನಿಲ್ಲಲಾಗದಿದ್ದರೆ ಕುಳಿತುಕೊಂಡೇ ಕೂಗುತ್ತೇನೆ.

ತಲೆ ಅಲ್ಲಾಡಿಸಬೇಡ ಮಗಳೇ. ಹೌದು, ಅಲ್ಲಿಗೆ ಬರುವ ಧೈರ್ಯ ನನಗಿಲ್ಲ. ಇಲ್ಲಿ ಕೂತು ಫೋನಿಗೆ ಕಾಯುವ ಧೈರ್ಯವಂತೂ ಇಲ್ಲವೇ ಇಲ್ಲ.

ಧೈರ್ಯದ ಮಾತಿಗೆಂದು ಬಂದು ಹೆದರಿಕೆಯ ಮಾತನ್ನು ಇಷ್ಟು ಹೊತ್ತು ಕೇಳಿಸಿಕೊಂಡಿರಿ. ನಿಮಗೆಲ್ಲ ವಂದನೆಗಳು. ನಮಸ್ಕಾರ.