ಘಾಟಿನದು ಅಂತ ಬಿಟ್ಟ ಬಾವು

ಸಭಾದಾಗ ಕುಂತ ಹಿರಿಯರಿಗೆ, ನಮ್ಮ ಅಂಗಡಿ ಅಕ್ಕ-ತಂಗ್ಯಾರಿಗೆ, ತೀರಿಕೊಂಡ ಗುತ್ತೆವ್ವನ ಮಗಳು ದ್ರಾಕ್ಷಾಯಿಣಿಗೆ ಶರಣು. ನಾನು ಹಾಲಸಿದ್ದಪ್ಪ. ಬ್ಯಾಡಗಿ ಪ್ಯಾಟ್ಯಾಗ ಗುತ್ತೆವ್ವ ತೊಟ್ಟು ಬಿಡಿಸಿದ ಮೆಣಸಿನಕಾಯಿ ಹತ್ತೊಂಬತ್ತು ವರ್ಷ ಚೀಲಕ್ಕ ತುಂಬಿದವ. ಸಾಲಿ ಕಲಿತದ್ದು ಕಮ್ಮಿ. ಮಾತು ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೊಳ್ರಿ.

ಆಕಿ ಬಾಯಿ ನಿಮಗ ಗೊತ್ತ ಐತಿ. ಒಬ್ಬ ಖರೀದಿದಾರ, "ಏನವ್ವಾ, ಕಾಯಿ ಬಣ್ಣಾ ಕಮ್ಮಿ ಐತಲ್ಲ" ಅಂದ. "ಚಸ್ಮಾ ಒರಸ್ಕೊಳ್ರಿ ಸಾವ್ಕಾರ್ರ" ಅಂದ್ಲು. — ಈಗ ನಕ್ಕವರು ಅವತ್ತೂ ನಕ್ಕಿದ್ರಿ.

ಹೋದ ಸುಗ್ಗ್ಯಾಗ ಒಂದಿನ ಮುಂಜಾನೆ ಬಂದು, "ಅಣ್ಣಾ, ಮಾರಿ ಬಾತೈತಿ ನೋಡೋ" ಅಂದ್ಲು. ನಾ ಏನಂದೆ? "ಘಾಟು ಹತ್ತೈತಿ, ಇಳೀತೈತಿ ಹೋಗವಾ" ಅಂದೆ. ಮೆಣಸಿನಕಾಯಿ ಪ್ಯಾಟ್ಯಾಗ ಬಾತ ಮಾರಿ ಯಾರು ಲೆಕ್ಕಕ್ಕ ಹಿಡೀತಾರ್ರೀ? ಒಂದಕ್ಕ ಎದ್ದು ಹೋಗಬೇಕಾಗತೈತಿ ಅಂತ ಹೆಣ್ಣಮಕ್ಕಳು ಸಂಜಿತನಕ ನೀರು ಮುಟ್ಟೂದಿಲ್ಲ. ನಡಾ ಹಿಡಿದ್ರ ಚಾ ಜೋಡಿ ನೋವಿನ ಗುಳಿಗಿ. ವರ್ಷಾನುಗಟ್ಟಲೆ — ಗುಳಿಗಿ.

ಬಾವು ಇಳೀಲಿಲ್ಲ. ಕಡೀಕ ಹಾವೇರಿ ದವಾಖಾನಿಗೆ ಕರಕೊಂಡು ಹೋದ್ವಿ. ಡಾಕ್ಟರ್ ಸುರೇಖಾ ಅವರು ರಿಪೋರ್ಟ್ ನೋಡಿ ಅಂದ್ರು, "ಇದು ಘಾಟಲ್ಲ. ನೀರು ಕುಡೀದ, ಗುಳಿಗಿ ನುಂಗಿ ನುಂಗಿ ಮೂತ್ರಪಿಂಡ ಕೆಟ್ಟಾವು."

"ಗುಳಿಗಿ ಬಿಟ್ರ ಸರಿ ಆಗತಾವಲ್ರೀ?" ಅಂದೆ.

ಅವರು ಹಾಳಿ ಮ್ಯಾಲೆ ಹಿಂಗ ಅವರಿಕಾಳಿನಂಥ ಒಂದು ಮೂತ್ರಪಿಂಡ ಬರದ್ರು. "ಪೆಟ್ಟು ತಿಂದ ಮೂತ್ರಪಿಂಡ ತನ್ನೊಳಗ ಒಂದು ಪ್ರೋಟೀನು ಹೆಚ್ಚಿಗಿ ಮಾಡತೈತಿ. ಕುತ್ತಿಗ್ಯಾಗಿನ ಒಂದು ಸಣ್ಣ ಗ್ರಂಥಿ ಬಿಡೂ ಹಾರ್ಮೋನಿನ ಬಳಗದ್ದು. ಅದು ರಕ್ತದಾಗಿನ ಕಾವಲು ಕಣಗಳನ್ನ, ಅಂದ್ರ ಬಿಳಿ ಕಣಗಳನ್ನ, ಕರೀತೈತಿ. ಅವು ಬಂದು ಅಲ್ಲೇ ಠಾಣೆ ಹೂಡತಾವು, ಉರಿಯೂತ ಬೆಳೀತೈತಿ, ಮೆತ್ತನ ಜಾಗ ಗಡುಸಾಗತೈತಿ. ಗುಳಿಗಿ ಬಿಟ್ರೂ ಅದು ನಿಲ್ಲೂದಿಲ್ಲ. ಪ್ರಾಣಿಗಳ ಮ್ಯಾಲಿನ ಸಂಶೋಧನಿಯಾಗ ಕಂಡದ್ದು ಇದು. ಆ ಪ್ರೋಟೀನಿನ ಬಾಯಿ ಮುಚ್ಚಿಸೋ ಔಷಧ ಇನ್ನೂ ನಮ್ಮ ಕೈಗೆ ಬಂದಿಲ್ಲ."

ನನಗ ನಮ್ಮ ಪ್ಯಾಟಿ ಜಗಳಾನ ನೆನಪಾತು. ಒಬ್ಬ ಕೂಗತಾನ, ಬಿಡಸಾಕ ಅಂತ ಐವತ್ತು ಮಂದಿ ಓಡಿ ಬರತಾರ, ಬಿಡಸಾಕ ಬಂದವರೇ ಅಂಗಡಿ ಮುರೀತಾರ. ಮೊದಲಿನವ ಹೊಡದು ಮನಿಗೆ ಹೋಗಿರತಾನ — ಮುರಿಯೂದು ಮಾತ್ರ ನಿಲ್ಲೂದಿಲ್ಲ.

ಗುತ್ತೆವ್ವ ಕೇಳಿದ್ಲು, "ಒಳಗ ಇಷ್ಟ ಆದ್ರೂ ನೋವ ಆಗಲಿಲ್ಲಲ್ರೀ ಡಾಕ್ಟರ್ ಬಾಯಾರ?"

"ಅದು ಸದ್ದಿಲ್ಲದ ಬರೂದವ್ವಾ" ಅಂದ್ರು.

ಅದರ ಮ್ಯಾಲೆ ಆಕಿ ಬದುಕಿದ್ದು ಏಳು ತಿಂಗಳು. ದ್ರಾಕ್ಷಾಯಿಣಿ, ತಂಗೀ, ನಿಮ್ಮವ್ವ ಮೊದಲ ನನಗ ತೋರಿಸಿದ್ಲು. ನಾ ತಿರುಗಿಸಿ ಕಳಿಸಿದೆ. ಕ್ಷಮಾ ಕೇಳೂ ಮುಖಾನೂ ನನಗಿಲ್ಲ.

ಇನ್ನೊಂದು ಮಾತು — ಇದನ್ನ ಹೇಳಾಕ ಎದ್ದೇನಿ. ಇವತ್ತು ಮುಂಜಾನೆ ಭರಮವ್ವ, ಗುತ್ತೆವ್ವನ ಬಾಜೂಕ ಕುಂತು ದುಡಿಯಾಕಿ, ಕಾಲುಂಗುರ ಬರವಲ್ದು ಅಂತ ಸಬಕಾರದ ನೊರಿ ಹಚ್ಚಿ ಎಳ್ಯಾಕತ್ತಿದ್ಲು. "ಯಾಕವಾ?" ಅಂದೆ. "ಬಿಸಲಿಗೆ ಕಾಲು ಬಾತೈತಿ ಬಿಡಣ್ಣಾ" ಅಂದ್ಲು.

ಭರಮವ್ವಾ, ತಲಿ ತಗ್ಗಿಸಬ್ಯಾಡ. ನಾಳೆ ಕಾಯಿ ಲಿಲಾವು ನಡದ್ರ ನಡೀಲಿ. ಮೊದಲನೇ ಬಸ್ಸಿಗೆ ಹಾವೇರಿಗೆ ಹೋಗೂಣು, ನಾ ಬರತೇನಿ. ಆದರ ಹಿಂಗ ಕಾಲು ಬಾತಾಕಿ ನೀ ಒಬ್ಬಾಕೇ ಅಂತ ನನಗ ಅನಸವಲ್ದು.

ಈಗ ಗುತ್ತೆವ್ವನ ಹೆಸರಿಲೆ ಎರಡು ನಿಮಿಷ ಮೌನ. ಎಲ್ಲಾರೂ ಏಳ್ರಿ. ಕಾಲು ಬಾತವರು ಮಾತ್ರ ಏಳಬ್ಯಾಡ್ರಿ, ಕುಂತಲ್ಲೇ ಕುಂದ್ರಿ. ಗುತ್ತೆವ್ವ ಸಿಟ್ಟ ಆಗೂದಿಲ್ಲ. ಎದ್ದವರು ಕಣ್ಣು ಮುಚ್ಚಬ್ಯಾಡ್ರಿ. ಯಾರ್ಯಾರು ಕುಂತಾರ — ನೋಡಿಕೊಳ್ರಿ.