ಕೊಸರು ಕೇಳಿದ ನಿಂಗಾಜಿ

ಹೂಂಗುಟ್ಟುವವರು ಹತ್ತಿರ ಬನ್ನಿ. ಆಕಳಿಸುವವರು ಗೋಡೆಗೆ ಒರಗಿಕೊಳ್ಳಿ, ನೀವು ಮಲಗಿದರೂ ಗೋಡೆಯಾದರೂ ಕೇಳಿಸಿಕೊಳ್ಳಲಿ. ಇವತ್ತಿನ ಕತೆಯಲ್ಲಿ ಸಮುದ್ರ ಇದೆ, ಹಡಗು ಇದೆ, ಒಂದು ಕೆಂಪು ಕೊಡೆ ಇದೆ. ರಾಜಕುಮಾರಿ ಇಲ್ಲ. ಬೇಕಾದವರು ಈಗಲೇ ಎದ್ದು ಹೋಗಬಹುದು.

ಯಾರೂ ಏಳಲಿಲ್ಲ. ಸರಿ, ಕೇಳಿ.

ಒಂದು ಊರು. ಯಾವ ಊರು ಅನ್ನಬೇಡಿ, ಹೆಸರು ಹೇಳಿದರೆ ಅಲ್ಲಿಯವರು ಜಗಳಕ್ಕೆ ಬರುತ್ತಾರೆ. ಆ ಊರಲ್ಲೊಂದು ಮನೆ, ಮನೆಗೊಬ್ಬಳು ಅತ್ತೆ, ಅತ್ತೆಗೆ ಇಬ್ಬರು ಸೊಸೆಯರು. ಅತ್ತೆ ದೊಡ್ಡತಾಯಮ್ಮ. ಹಿರಿಸೊಸೆ ಸಣ್ಣಮ್ಮ. ಕಿರಿಸೊಸೆ ನಿಂಗಾಜಿ.

ಈ ನಿಂಗಾಜಿಯದು ಒಂದು ಕಡೆ ನಿಲ್ಲುವ ಕಾಲಲ್ಲ. ನೀರಿಗೆ ಹೋದರೆ ಪಕ್ಕದೂರಿನ ಬಾವಿ ನೋಡಿಕೊಂಡು ಬರುವಳು. ಸೌದೆಗೆ ಹೋದರೆ ಗುಡ್ಡದ ಆಚೆ ಇಣುಕಿ ಬರುವಳು. ತವರಿಗೆ ಹೋದರೆ ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು. ಅಂಥವಳ ಕಿವಿಗೆ ಯಾರೋ ಸಮುದ್ರದಾಚೆಯ ದೇಶದ ಸುದ್ದಿ ಹಾಕಿದರು. ಅಲ್ಲಿ ಬೀದಿಗಳೆಲ್ಲ ಮೆಟ್ಟಿಲಂತೆ, ಬಾಗಿಲುಗಳೆಲ್ಲ ನೀಲಿಯಂತೆ, ಊರ ನಡುವಿನ ಗೋಪುರ ಮೋಡಕ್ಕೆ ತಾಗುತ್ತದಂತೆ. ಮುಗೀತು. ಅವತ್ತಿಂದ ನಿಂಗಾಜಿ ತೊಳಸಿದ ಮುದ್ದೆಯೆಲ್ಲ ಗಂಟು ಗಂಟು.

"ಅತ್ತೆ, ನಾನೊಂದು ಸಲ ಹೋಗಿ ನೋಡ್ಕೊಂಡು ಬತ್ತೀನಿ" ಅಂದಳು.

ದೊಡ್ಡತಾಯಮ್ಮ ಒಳಗೆ ಹೋಗಿ ಒಂದು ಬಟ್ಟಲು ತಂದು ಅವಳ ಮುಂದೆ ಇಟ್ಟಳು. "ಇದ ನೋಡು. ನಿಮ್ಮ ಮಾವ ವಯಸ್ಸಲ್ಲಿ ಅದೇ ದೇಶಕ್ಕೆ ಹೋಗಿ ತಂದ ಬೆಳ್ಳಿ ಬಟ್ಲು. ಹುಣಸೆಹಣ್ಣು ಹಾಕಿ ಉಜ್ಜಿದೆ. ಬೆಳ್ಳಿಯೆಲ್ಲ ನನ್ನ ಕೈಗೆ ಬಂತು, ತಗಡು ಬಟ್ಲಲ್ಲಿ ಉಳೀತು. ಊರೆಲ್ಲ ನಕ್ಕರು. ಅವತ್ತಿಂದ ಈ ಮನೆಯವರು ಯಾರೂ ಹಡಗು ಹತ್ತಿಲ್ಲ."

"ಮಾವ ಹೇಳ್ತಿದ್ದದ್ದೆಲ್ಲ ಸುಳ್ಳಾ ಅತ್ತೆ?"

ಮುದುಕಿ ಸೆರಗಿನ ತುದಿಯಿಂದ ಬಟ್ಟಲು ಒರೆಸಿದಳು. "ಒಂದು ಮಾತು ಮಾತ್ರ ಸಾಯೋ ತನಕ ಬಿಡ್ಲಿಲ್ಲ. ಅಲ್ಲಿಯ ಜನ ದಿನಾ ಉಣ್ಣೋ ಒಂದು ಕಾಳು ಅದೆಯಂತೆ. ಹಾಲುಬಿಳುಪು, ಮೈಮೇಲೊಂದು ನೇರಳೆ ಗೆರೆ. ಅದರ ಸಾರು ಉಂಡಿದ್ದೆ ಕಣೆ, ನಿನ್ನ ಕೈಯಡಿಗೆ ನೆನಪಾಯ್ತು ಅನ್ನೋರು. ಅದೂ ಸುಳ್ಳೋ ಏನೋ." ಆಮೇಲೆ ಸೊಸೆಯ ಕಡೆ ತಿರುಗಿದಳು. "ಹೋಗು. ಆ ಕಾಳು ತಾ. ಅಸಲಿ ತಂದ್ರೆ ನಿನ್ನ ಕಾಲು ನಿಂದು, ಎಲ್ಲಿಗೆ ಬೇಕಾದ್ರೂ ಹೋಗು, ಕೇಳಕಿಲ್ಲ. ಮೋಸ ಹೋಗಿ ಬಂದ್ರೆ ನಿನ್ನ ಕಾಲು ಈ ಹೊಸ್ತಿಲಿಂದು. ಒಪ್ಪಿಗೆನಾ?"

ಒಪ್ಪದೆ ಇರ್ತಾಳಾ? ರೇಷ್ಮೆಹುಳು ಸಾಕಿ ಕೂಡಿಟ್ಟಿದ್ದ ಗಂಟು ಆಗಲೇ ಸೊಂಟದಲ್ಲಿತ್ತು.

ಸಣ್ಣಮ್ಮನೂ ಹೊರಟಳು. "ಇವಳ್ನ ಕಾಯೋಕೆ ಒಬ್ರು ಬೇಕಲ್ಲ" ಅಂದಳು. ಹೊಸ ಸೀರೆ ಉಟ್ಟುಕೊಂಡು ಕಾಯಲು ಹೊರಟಳು ಅನ್ನಿ.

ಹಡಗು ಹತ್ತಿದರು. ಸಣ್ಣಮ್ಮ ಹೊಟ್ಟೆ ಹಿಡಿದುಕೊಂಡು ಮಲಗಿದಳು, ನಿಂಗಾಜಿ ಕಂಬ ಹಿಡಿದುಕೊಂಡು ನಿಂತಳು. ಎತ್ತ ನೋಡಿದರೂ ನೀರು. ಆ ನೀರಿನ ತುದಿಯಲ್ಲಿ ಒಂದು ಬೆಳಗ್ಗೆ ಚುಕ್ಕಿಯಂತೆ ಗೋಪುರ ಕಂಡಿತು ನೋಡಿ, ನಿಂಗಾಜಿ ಓಡಿ ಹೋಗಿ ಸಣ್ಣಮ್ಮನ ಹೊದಿಕೆ ಕಿತ್ತಳು. "ಅಕ್ಕಾ, ಏಳಕ್ಕಾ. ಮೆಟ್ಲು ಕಾಣ್ತಾವೆ. ನೀಲಿ ಬಾಗ್ಲು ಕಾಣ್ತಾವೆ. ಯಾರೋ ನಮಗೇ ಕೈ ಬೀಸ್ತಾವ್ರೆ."

ಕೈ ಬೀಸುತ್ತಿದ್ದವನ ಇನ್ನೊಂದು ಕೈಯಲ್ಲಿ ಕೆಂಪು ಕೊಡೆ. ಮಳೆ ಇಲ್ಲ, ಬಿಸಿಲೂ ಇಲ್ಲ, ಆದರೂ ಕೊಡೆ ಬಿಚ್ಚಿ ಎತ್ತರಕ್ಕೆ ಹಿಡಿದಿದ್ದಾನೆ. ಹಡಗಿಂದ ಇಳಿದವರೆಲ್ಲ ಅವನ ಹಿಂದೆ, ಬಾತುಕೋಳಿ ಮರಿಗಳ ಹಾಗೆ. ಇವರ ಹತ್ತಿರ ಬಂದವನೇ ಇವರ ಭಾಷೆಯಲ್ಲೇ ಮಾತಾಡಿದ. "ಬನ್ನಿ ತಾಯಿ, ಬನ್ನಿ ಅಕ್ಕಾ. ಊರು ತೋರಿಸ್ತೀನಿ. ಸಂಜೆಗೆ ಇದೇ ಹಡಗಿಗೆ ತಂದು ಬಿಡ್ತೀನಿ. ಕೊಡೆ ಒಂದು ನೋಡ್ಕೊಂಡು ಬಂದ್ರೆ ಸಾಕು."

"ಎಷ್ಟು ಒಳ್ಳೆ ಮನುಷ್ಯ" ಅಂದಳು ಸಣ್ಣಮ್ಮ.

ಪರದೇಶದಲ್ಲಿ ಇಳಿದ ಕೂಡಲೇ ನಿಮ್ಮ ಭಾಷೆಯಲ್ಲಿ ನಿಮ್ಮನ್ನು ಅಕ್ಕಾ ಅಂದರೆ, ಕೇಳಿ, ಮೊದಲು ಸೊಂಟದ ಗಂಟು ಮುಟ್ಟಿ ನೋಡಿಕೊಳ್ಳಿ. ನಿಂಗಾಜಿ ಮುಟ್ಟಿ ನೋಡಿಕೊಂಡಳು.

"ಅಕ್ಕ, ಕಾಳು ಸಿಕ್ಕಿದ್ರೆ ಅಸಲಿ ಅಂತ ಹೆಂಗೆ ಗೊತ್ತಾಗದು?"

"ಹೊಳೀತಾ ಇದ್ರೆ ಅಸಲಿ."

"ಮಾವನ ಬಟ್ಲೂ ಹೊಳೀತಿತ್ತು. ನಾನು ಕೊಸರು ಕೇಳಿ ನೋಡ್ತೀನಿ."

ಕೊಸರು ಅಂದರೆ ಗೊತ್ತಲ್ಲ? ಸಂತೆಯಲ್ಲಿ ಸೇರು ಅಳೆದು ಸುರಿದ ಮೇಲೂ ಸೆರಗು ಮುಚ್ಚದೆ ನಿಲ್ಲುತ್ತೀರಲ್ಲ, ಆಗ ಅಂಗಡಿಯವಳು ಗೊಣಗಿಕೊಂಡು ಮೇಲೊಂದು ಹಿಡಿ ಹಾಕುತ್ತಾಳಲ್ಲ, ಅದು. ಅದಕ್ಕೂ ರೀತಿ ಇದೆ. ಅಳೆದ ಮೇಲೆ ಹಾಕಬೇಕು. ಅದೇ ರಾಶಿಯಿಂದ ಹಾಕಬೇಕು. ಗೊಣಗಿಕೊಂಡೇ ಹಾಕಬೇಕು.

ಕೊಡೆ ಮುಂದೆ, ಇವರು ಹಿಂದೆ. ಗೋಪುರದ ಬುಡಕ್ಕೆ ಬಂದರು. ಗೋಪುರವನ್ನು ಕಣ್ತುಂಬ ನೋಡುವ ಮೊದಲೇ ಕೊಡೆ ಒಂದು ಅಂಗಡಿಯೊಳಗೆ ನುಗ್ಗಿತು. ಗಾಜಿನ ಬಾಗಿಲು, ಮೆತ್ತನೆ ಪೀಠ, ಕೂತ ಕೂಡಲೇ ಪನ್ನೀರು. ಬೆಳ್ಳಿ ಹರಿವಾಣದಲ್ಲಿ ಕಾಳು. ಬಿಳಿ ಮೈ, ನೇರಳೆ ಗೆರೆ, ಫಳಫಳ. ಅಂಗಡಿಯವನು ಒಂದು ಪುಟ್ಟ ಬಟ್ಟಲಲ್ಲಿ ಅಳೆದ. ನಿಂಗಾಜಿ ಸೆರಗು ಹಿಡಿದೇ ನಿಂತಳು.

"ಇನ್ನೇನು ತಾಯಿ?"

"ಕೊಸರು."

"ಆ ಸಾಮಾನು ನಮ್ಮಲ್ಲಿ ಇಲ್ಲ ತಾಯಿ."

"ಹಂಗಾದ್ರೆ ನಿಮ್ಮ ಕಾಳು ನಿಮಗೇ ಇರ್ಲಿ" ಅಂತ ಸೆರಗು ಕೊಡವಿ ಎದ್ದಳು.

ಕೊಡೆ ಮುಂದೆ, ಇವರು ಹಿಂದೆ. ಎರಡನೇ ಅಂಗಡಿ. ಇದಕ್ಕೆ ಕನ್ನಡಿ ಗೋಡೆ. ಒಳಗೆ ಕಾಲಿಡುವ ಮೊದಲೇ ಅಂಗಡಿಯವನು ಓಡಿ ಬಂದು ಒಂದು ಹಿಡಿ ಕಾಳು ನಿಂಗಾಜಿಯ ಕೈಗೆ ತುರುಕಿದ. "ಇದು ಪುಕ್ಕಟೆ ಅಕ್ಕಾ. ಪ್ರೀತಿಗೆ."

"ಅಳೆಯೋಕೆ ಮೊದ್ಲೇ ಕೊಸರಾ?" ನಿಂಗಾಜಿ ಆ ಹಿಡಿಯನ್ನು ಹಾಗೇ ಅವನ ಕೈಗೆ ಸುರಿದಳು. "ಪ್ರೀತಿ ಬೆಳೆಯೋಕೆ ಸ್ವಲ್ಪ ಟೈಮ್ ಬೇಕಪ್ಪ."

ಸಣ್ಣಮ್ಮನಿಗೆ ಸಿಟ್ಟು. "ಸುಮ್ನೆ ಕೊಟ್ಟದ್ದನ್ನೂ ಬ್ಯಾಡ ಅಂತೀಯಲ್ಲ, ನಿನಗೇನು ದೆವ್ವ ಹಿಡಿದದಾ?"

ಈ ಮಾತನ್ನೆಲ್ಲ ಕೊಡೆಯಣ್ಣ ಕೇಳಿಸಿಕೊಂಡ. ಮುಂದಕ್ಕೆ ಓಡಿದ. ಯಾರ ಕಿವಿಯಲ್ಲೋ ಏನೋ ಊದಿದ.

ಮೂರನೇ ಅಂಗಡಿ. ಮಣ್ಣಿನ ಗೋಡೆ, ಒಲೆ, ಹೊಗೆ. ಬಾಗಿಲಲ್ಲಿ ಒಬ್ಬಳು ಮುದುಕಿ ಒರಳಲ್ಲಿ ಕುಟ್ಟುತ್ತ ಕೂತಿದ್ದಾಳೆ. "ನಮ್ಮನೆ ಥರಾನೇ ಅದೆ ಕಣೆ" ಅಂತ ಸಣ್ಣಮ್ಮನ ಕಣ್ಣಲ್ಲಿ ನೀರೇ ಬಂತು. ಅಂಗಡಿಯವನು ಅಳೆದ. ನಿಂಗಾಜಿ ಸೆರಗು ಹಿಡಿದೇ ನಿಂತಳು. ಅವನು ಗೊಣಗಿದ. ಒಂದು ಹಿಡಿ ಹಾಕಿದ.

ಆಹಾ, ಸಿಕ್ಕಿತು ಅಂದಿರಾ? ತಡೀರಿ. ಆ ಹಿಡಿ ಎಲ್ಲಿಂದ ಬಂತು? ರಾಶಿಯಿಂದಲ್ಲ, ಅವನ ಕಾಲ ಕೆಳಗಿದ್ದ ಬೇರೆ ಡಬ್ಬಿಯಿಂದ. ನಿಂಗಾಜಿ ನೋಡಿಬಿಟ್ಟಳು. ಹೊರಗೆ ಬಂದು ಮುದುಕಿಯ ಒರಳಿಗೂ ಇಣುಕಿದಳು. ಒರಳು ಖಾಲಿ. ಮುದುಕಿ ಬರೀ ಕಲ್ಲು ಕುಟ್ಟುತ್ತಿದ್ದಳು. ಅವಳೂ ನಿಂಗಾಜಿಯನ್ನು ನೋಡಿ, ಏನ್ಮಾಡ್ಲಿ ಮಗಳೇ ಅನ್ನುವ ಹಾಗೆ ಮೆಲ್ಲಗೆ ನಕ್ಕಳು.

"ನಂಗೆ ಬ್ಯಾಡ" ಅಂದಳು ನಿಂಗಾಜಿ.

"ನಂಗೆ ಬೇಕು" ಅಂದಳು ಸಣ್ಣಮ್ಮ. ಸೊಂಟದ ಗಂಟು ಪೂರ್ತಿ ಬಿಚ್ಚಿದಳು, ಮಕಮಲ್ ಚೀಲದಲ್ಲಿ ಕಾಳು ತಗೊಂಡಳು. ಅಂಗಡಿಯವನು ಕೊಡೆಯಣ್ಣನ ಕೈಗೂ ಸದ್ದಿಲ್ಲದೆ ಏನೋ ಇಟ್ಟ. ನೋಡಿ, ಸಣ್ಣಮ್ಮ ಕೊಂಡಳು, ಅವಳ ಕೊಸರು ಕೊಡೆಯಣ್ಣನ ಜೇಬಿಗೆ ಹೋಯಿತು.

"ಅಕ್ಕ, ನೀನು ಇವನ ಜೊತೆ ಹಡಗಿಗೆ ಹೋಗಿರು. ನಾನು ಬಂದೆ."

"ಕೊಡೆ ಬಿಟ್ರೆ ದಾರಿ ತಪ್ತೀರಿ" ಅಂದ ಕೊಡೆಯಣ್ಣ. "ಹಡಗು ಯಾರಿಗೂ ಕಾಯಲ್ಲ."

"ತಪ್ಪಲಿ ಬಿಡಪ್ಪ. ನೀನು ತೋರಿಸಿದ ದಾರಿ ಮಾವನೂ ನೋಡಿದ್ರು."

ಎತ್ತ ಹೋಗುವುದು? ನಿಂಗಾಜಿ ಕೂಡುರಸ್ತೆಯಲ್ಲಿ ನಿಂತು ನೋಡಿದಳು. ತುಂಬಿದ ಬುಟ್ಟಿಯವಳು ಒಬ್ಬಳು ಹೋದಳು. ಅವಳು ಮನೆಗೆ ಹೋಗುತ್ತಾಳೆ, ಅವಳ ಹಿಂದೆ ಹೋಗಿ ಏನು ಮಾಡುವುದು? ಬುಟ್ಟಿಯೇ ಇಲ್ಲದವಳು ಒಬ್ಬಳು ಹೋದಳು. ಅವಳು ತನ್ನ ಹಾಗೆ ಊರು ನೋಡಲು ಬಂದವಳು. ಆಗ ಬಂದಳು ನೋಡಿ ಮೂರನೆಯವಳು. ಕೆದರಿದ ತಲೆ, ಸವೆದ ಚಪ್ಪಲಿ, ಕಂಕುಳಲ್ಲಿ ಖಾಲಿ ಬುಟ್ಟಿ, ಬಾಯಲ್ಲಿ ಯಾರಿಗೋ ಬೈಗುಳ. ಒಲೆ ಮೇಲೆ ಎಸರಿಟ್ಟು ಬಂದವಳ ನಡಿಗೆ. ನಿಂಗಾಜಿ ಅವಳ ಬೆನ್ನು ಹತ್ತಿದಳು.

ಮೆಟ್ಟಿಲು ಹತ್ತಿದಳು, ಮೆಟ್ಟಿಲು ಇಳಿದಳು, ಒಣಹಾಕಿದ ಬಟ್ಟೆಗಳಡಿ ತೂರಿದಳು. ಒಂದು ಮೇಕೆ ಅವಳ ಸೆರಗು ತಿಂದು ನೋಡಿತು, ಹಿಡಿಸಲಿಲ್ಲ. ಗೋಪುರ ಹಿಂದಾಯಿತು. ಪನ್ನೀರಿನ ವಾಸನೆ ಹೋಗಿ ಮೀನಿನ ವಾಸನೆ ಬಂತು. ನಿಂಗಾಜಿ ಹೆಜ್ಜೆ ಚುರುಕು ಮಾಡಿದಳು, ಹೆದರಿಕೆಗಲ್ಲ, ಖುಷಿಗೆ. ಒಂದು ಕಮಾನಿನ ಕೆಳಗೆ ಹೊಕ್ಕರೆ, ಅಯ್ಯೋ ನಮ್ಮವ್ವ, ಸಂತೆ.

ಅಲ್ಲಿ ಯಾರೂ ಬನ್ನಿ ತಾಯಿ ಅನ್ನಲಿಲ್ಲ. ಯಾರಿಗೂ ಇವಳ ಭಾಷೆ ಬಾರದು. ಗೋಣಿತಾಟಿನ ಮೇಲೆ ಕಾಳಿನ ರಾಶಿ. ಹೊಳಪಿಲ್ಲ, ಮೇಲೆಲ್ಲ ಧೂಳು, ನೇರಳೆ ಗೆರೆ ಒಂದರ ಹಾಗೆ ಒಂದಿಲ್ಲ. ರಾಶಿಯ ಹಿಂದೆ ಒಬ್ಬ ದಪ್ಪನೆ ಹೆಂಗಸು, ತಲೆಯೂ ಎತ್ತುವುದಿಲ್ಲ. ನಿಂಗಾಜಿ ಮುಂದೆ ನುಗ್ಗಿದಳು. ಅಲ್ಲಿನ ಹೆಂಗಸರು ತೋಳು ಹಿಡಿದು ಹಿಂದಕ್ಕೆ ಎಳೆದು ಸಾಲಲ್ಲಿ ನಿಲ್ಲಿಸಿದರು. ನಿಂತಳು. ನಿಂತು ನೋಡಿದಳು.

ಏನು ನೋಡಿದಳು ಗೊತ್ತಾ? ಮುಂದಿನವಳಿಗೆ ಅಳೆದು ಸುರಿದಾಯಿತು. ಅವಳು ಮಡಿಲು ಮುಚ್ಚಲಿಲ್ಲ, ಹಾಗೇ ಹಿಡಿದು ನಿಂತಳು. ದಪ್ಪನೆಯವಳು ಏನೋ ಗೊಣಗಿದಳು. ಅದೇ ರಾಶಿಯಿಂದ ಒಂದು ಹಿಡಿ ಎತ್ತಿ ಬಿಸಾಕಿದಳು.

ಸಮುದ್ರ ದಾಟಿದರೂ ಕೊಸರು ಕೊಸರೇ.

ಇವಳ ಸರದಿ ಬಂತು. ದಪ್ಪನೆಯವಳು ಅಳೆದಳು, ಸುರಿದಳು. ಇವಳೂ ಸೆರಗು ಹಿಡಿದೇ ನಿಂತಳು. ದಪ್ಪನೆಯವಳು ಈಗ ತಲೆ ಎತ್ತಿದಳು. ಸೀರೆ ನೋಡಿದಳು, ಬಳೆ ನೋಡಿದಳು, ಮುಖ ನೋಡಿದಳು. ತಲೆ ಅಲ್ಲಾಡಿಸಿದಳು. ಬಂದರಿನ ಕಡೆ ಕೈ ತೋರಿಸಿ, ಹಡಗು ಹೋಗುವ ಹಾಗೆ ಕೈ ಆಡಿಸಿದಳು. ಇವತ್ತು ಬಂದು ಇವತ್ತೇ ಹೋಗುವವಳು ನೀನು, ನಿನಗ್ಯಾಕೆ ಕೊಡಲಿ?

ಮಾತು ನ್ಯಾಯವೇ. ನಾಳೆಯೂ ಬರುವವರಿಗಲ್ಲವೇ ಕೊಸರು? ಒಂದೇ ಸಲ ಬರುವವರಿಗೆ ಯಾರು ಕೊಟ್ಟಾರು? ಆ ಮೂರು ಅಂಗಡಿಯವರಿಗೂ ಇದು ಗೊತ್ತು. ತಿರುಗಿ ಬರದವರನ್ನೇ ನಂಬಿ ಬದುಕುವವರು ಅವರು.

ಸೂರ್ಯ ಇಳಿಯುತ್ತಿದ್ದಾನೆ. ಕಾಳು ಸಿಕ್ಕಿದೆ, ನಿಂಗಾಜಿ ಓಡಬಹುದಿತ್ತು. ಓಡಲಿಲ್ಲ. ಹಡಗಿನ ಕಡೆ ಕೈ ತೋರಿಸಿದಳು, ಹೋಗುವ ಹಾಗೆ ಆಡಿಸಿದಳು. ಆಮೇಲೆ ಅದೇ ಕೈಯನ್ನು ತಿರುಗಿಸಿ ತಂದು, ಆ ರಾಶಿಯ ಮುಂದೆ, ತಾನು ನಿಂತ ಜಾಗದಲ್ಲಿ, ನೆಲಕ್ಕೆ ತಟ್ಟಿದಳು. ಬರ್ತೀನಿ. ಇಲ್ಲಿಗೇ ಬರ್ತೀನಿ.

ಸಾಲಿನ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ದಪ್ಪನೆಯವಳು ನಗಲಿಲ್ಲ. ಗೊಣಗಿದಳು, ಉದ್ದಕ್ಕೆ ಗೊಣಗಿದಳು, ಗೊಣಗುತ್ತಲೇ ಅದೇ ರಾಶಿಯಿಂದ ಒಂದು ಹಿಡಿ ಎತ್ತಿ ಹಾಕಿದಳು.

ಆಮೇಲೆ ನಿಂಗಾಜಿ ಓಡಿದ ಓಟ ಇದೆಯಲ್ಲ, ಅದನ್ನು ಹೇಳಲು ನನಗೇ ಏದುಸಿರು ಬರುತ್ತದೆ. ಬಂದರಿಗೆ ಬಂದು ನೋಡಿದರೆ ಹಡಗು ಹತ್ತುವ ಹಲಗೆ ಎತ್ತಬೇಕು, ಎತ್ತಲಾಗುತ್ತಿಲ್ಲ. ಯಾಕೆ? ಅದರ ಮೇಲೆ ಸಣ್ಣಮ್ಮ ಕೂತಿದ್ದಾಳೆ. "ನನ್ನ ತಂಗಿ ಬರ್ಲಿ, ಆಮೇಲೆ ಎತ್ರಪ್ಪ. ಅಲ್ಲಿವರೆಗೂ ನನ್ನನ್ನೇ ಎತ್ತೋಕೆ ಆದ್ರೆ ಎತ್ರಿ" ಅನ್ನುತ್ತಿದ್ದಾಳೆ.

ಊರಿಗೆ ಬಂದರು. ದೊಡ್ಡತಾಯಮ್ಮ ಎರಡು ಪಾತ್ರೆಯಲ್ಲಿ ನೀರಿಟ್ಟಳು. ಒಂದಕ್ಕೆ ಮಕಮಲ್ ಚೀಲದ ಕಾಳು, ಒಂದಕ್ಕೆ ನಿಂಗಾಜಿ ಸೆರಗಿಂದ ಎತ್ತಿಕೊಟ್ಟ ಒಂದು ಹಿಡಿ ಕಾಳು. ಆ ದೇಶದ ಅಂಗಡಿಯವರು ಮಾಡಿದ ತಪ್ಪು ಇದೊಂದೇ. ಊರು ನೋಡಲು ಬಂದವರು ಕಾಳನ್ನು ಗಾಜಿನ ಬೀರುವಿನಲ್ಲಿ ಇಡುತ್ತಾರೆ ಅಂದುಕೊಂಡಿದ್ದರು. ನೆನೆಹಾಕುವ ಅತ್ತೆಯೊಬ್ಬಳು ಇರುತ್ತಾಳೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಬೆಳಗಾಯಿತು. ಒಂದು ಪಾತ್ರೆಯ ನೀರೆಲ್ಲ ನೇರಳೆ, ಕಾಳೆಲ್ಲ ಬೋಳು. ಬಣ್ಣ ಬಳಿದ ಬರೀ ಅವರೆಕಾಳು. ಸಣ್ಣಮ್ಮ ಮುಖ ಕೆಳಗೆ ಹಾಕಿದಳು.

"ಅಳಬ್ಯಾಡ ಕಣವ್ವ" ಅಂದಳು ಅತ್ತೆ. "ನಿಮ್ಮ ಮಾವನ ಬಟ್ಲಿಗೆ ಒಂದು ಜೊತೆ ಆಯ್ತು."

ಇನ್ನೊಂದು ಪಾತ್ರೆಯಲ್ಲಿ ನೀರು ತಿಳಿ, ಕಾಳು ಉಬ್ಬಿ ಕೂತಿದೆ, ಗೆರೆ ಹಾಗೇ ಇದೆ. ಬೇಯಿಸಿದರು, ಬಸಿದರು, ಸಾರು ಮಾಡಿದರು. ದೊಡ್ಡತಾಯಮ್ಮ ಒಂದು ತುತ್ತು ಬಾಯಿಗಿಟ್ಟಳು. ಅಗಿದಳು. ಇನ್ನೊಂದು ತುತ್ತು ಇಟ್ಟಳು.

"ಇದೊಂದು ಸುಳ್ಳು ಹೇಳಿರ್ಲಿಲ್ಲ ಆ ಮನುಷ್ಯ" ಅಂದಳು. ಕಣ್ಣು ಒರೆಸಿಕೊಂಡಳು. "ನಿನ್ನ ಕಾಲು ನಿಂದು ಕಣಮ್ಮಿ. ಇನ್ನೆಲ್ಲಿಗೆ ಹೋಗ್ತೀಯೋ ಹೋಗು."

"ಇನ್ನೆಲ್ಲಿಗೂ ಹೋಗೋ ಮುಂಚೆ ಅಲ್ಲಿಗೇ ಹೋಗಬೇಕು ಅತ್ತೆ. ತಿರುಗಿ ಬತ್ತೀನಿ ಅಂತ ನೆಲ ತಟ್ಟಿ ಕೊಸರು ಈಸ್ಕೊಂಡಿದ್ದೀನಿ."

ಮುದುಕಿ ತಟ್ಟೆ ನೋಡಿದಳು. "ಆ ಕೊಸರು ಎಲ್ಲಿ?"

"ಅಳೆದ ಕಾಳೆಲ್ಲ ಬಿತ್ತೋಕೆ ಎತ್ತಿಟ್ಟೆ. ನೆನೆಹಾಕಿದ್ದೇ ಕೊಸರಿನ ಹಿಡಿ. ಈಗ ನಿಮ್ಮ ಬಾಯಲ್ಲಿ ಅದೆಯಲ್ಲ, ಅದೇ."

ದೊಡ್ಡತಾಯಮ್ಮ ಕೈ ತೊಳೆದಳು, ಒಳಗೆ ಹೋದಳು. ಹೊರಗೆ ಬಂದಾಗ ಕಂಕುಳಲ್ಲಿ ಒಂದು ಖಾಲಿ ಬುಟ್ಟಿ. "ಕೊಸರು ಉಂಡೋಳು ನಾನು. ನಾನು ಬರದೇ ಇದ್ರೆ ಹೆಂಗೆ? ಹಡಗು ಯಾವಾಗ ಅದೆ?"

ಇಷ್ಟು ಕತೆ. ಅಳೆದೆ, ಸುರಿದೆ, ನಿಮ್ಮ ಮಡಿಲು ತುಂಬಿತು.

ಯಾಕ್ರವ್ವ, ಇನ್ನೂ ಸೆರಗು ಹಿಡಿದೇ ಕೂತಿದ್ದೀರಾ? ನಂಗೆ ಗೊತ್ತಿತ್ತು ಬಿಡಿ. ಹಿಡೀರಿ, ಅದೇ ರಾಶಿಯಿಂದ ಒಂದು ಹಿಡಿ: ಆ ಬಂದರಿನಲ್ಲಿ ದೊಡ್ಡತಾಯಮ್ಮ ಖಾಲಿ ಬುಟ್ಟಿ ಹಿಡಿದು ಇಳಿದಾಗ ಕೊಡೆಯಣ್ಣ ಬನ್ನಿ ತಾಯಿ ಅಂತ ಓಡಿ ಬಂದನಂತೆ. ಅವಳು ಬುಟ್ಟಿಯಿಂದ ತಗಡಿನ ಬಟ್ಟಲು ತೆಗೆದು, "ಇದ್ರ ಕೊಸರು ಬಾಕಿ ಅದೆ ಕಣಪ್ಪ" ಅಂದಳಂತೆ. ಕೊಡೆಯಣ್ಣ ಕೊಡೆ ಮಡಚಿದನಂತೆ.

ಈಗ ಸೆರಗು ಮುಚ್ಚಿ, ಮನೆಗೆ ನಡೀರಿ.