ಅವಿನ್ಯೋದಾಗ ಆರರ ಗಾಡಿ

ಇಲ್ರಿ ನೂತನಬಾಯಿ, ನಾ ಚಾ ಕುಡ್ಯಾಕ ಬಂದಿಲ್ಲ. ಇಚಲಕರಂಜಿಯಿಂದ ಅಕಿವಾಟಿಗೆ ಇಂಥಾ ಮಳ್ಯಾಗ ಬಂದಿದ್ದು ಒಂದ ಮಾತ ಕೇಳಾಕ. ನಿಮ್ಮ ಮಗಳು... ನಮ್ಮ ಸೊಸಿ ಮನಾಲಿ, ನಾಕ ದಿನ ತವರಿಗೆ ಹೋಗಿ ಬರ್ತೀನಿ ಅಂದಾಕಿ, ಹದಿನೈದ ದಿನ ಆತು. ನನ್ನ ಮಗ ಶ್ರೇಣಿಕ ಫೋನ್ ಮಾಡಿದ್ರ ಬರ್ತೀನಿ ಅಂತಾಳಂತ, ಬರೂದಿಲ್ಲ. ಆಕಿ ಬಸದಿಯಿಂದ ಬರೂದರಾಗ ಹೇಳ್ರಿ, ನಿಮಗ ಏನ ಹೇಳ್ಯಾಳ?... ಸುಮ್ಮನ ಕುಂತ್ರಿ. ಅಂದ್ರ ಹೇಳ್ಯಾಳ. ನನಗ ಗೊತ್ತಿತ್ತು.

ಹಂಗಾದ್ರ ನಂದೂ ಕೇಳ್ರಿ. ಅತ್ತಿಗೂ ಒಂದ ಬಾಯಿ ಐತಿ.

ಹೋದ ತಿಂಗಳ ಹೊಸಾ ಮಗ್ಗದ ಮಷೀನ ನೋಡಾಕ ಶ್ರೇಣಿಕ ಫ್ರಾನ್ಸಿಗೆ ಹೊಂಟಾಗ ನಮ್ಮಿಬ್ಬರನ್ನೂ ಕರಕೊಂಡ ಹೋದ. ಒಂದ ದಿನ ಸುಟ್ಟಿ ಸಿಕ್ತು, ಮುಂಜಾನೆ ಗಾಡಿ ಹತ್ತಿ ಅವಿನ್ಯೋ ಅನ್ನೂ ಹಳೇ ಊರಿಗೆ ಹೋದ್ವಿ. ಸುತ್ತ ಕ್ವಾಟಿ ಗ್ವಾಡಿ, ಒಳಗ ಪೋಪ್ ಗುರುಗಳ ಅರಮನಿ. ಹೊಳಿ ಮ್ಯಾಲ ಅರ್ಧಕ್ಕ ನಿಂತ ಸೇತುವೆ, ಅದನ್ನ ನೋಡಾಕ ತಿಕೀಟ! ನಮ್ಮ ಪಂಚಗಂಗಾ ಹೊಳಿ ಮ್ಯಾಲ ಹಂಗ ನಿಂತಿದ್ರ ಜನ ಮೋರ್ಚಾ ತಗೀತಿದ್ರು... ನಕ್ರಿ? ನಗ್ರಿ. ಅಲ್ಲೀತನಾ ಎಲ್ಲಾ ಚಲೋನ ಇತ್ತು.

ಸೇತುವೆ ಇಳದ ಮ್ಯಾಲ ಮನಾಲಿ ಕಾಣಲಿಲ್ಲ. ಆರರ ಗಾಡಿ ಹೊತ್ತಿಗೆ ಸೀದಾ ಸ್ಟೇಶನ್ನಿಗೆ ಬರ್ತೀನಿ ಅಂತ ಶ್ರೇಣಿಕಗ ಹೇಳಿ ಹೋಗಿದ್ಲಂತ. ಎಲ್ಲಿಗೆ ಅಂತ ಹೇಳಿಲ್ಲ. ಮಧ್ಯಾನ್ಹದಿಂದ ನೋಡಾಕತ್ತಿದ್ದೆ ನಾನು. ಕಂಡ ಕಂಡ ಹಾಟೇಲ ಹೊಕ್ಕು, ಕೌಂಟರಿನ್ಯಾಂವನ ಜೋಡಿ ಕೈ ಸನ್ನಿ ಮಾಡೂದು, ನಗೂದು. ಗುರುತಿಲ್ಲದ ಗಂಡಸರ ಜೋಡಿ ಏನ ನಗಿ ಅದು? ನಿಮಗಾದ್ರೂ ಸಂಶೇ ಬರ್ತಿರಲಿಲ್ಲೇನು? ಆಕಿ ಫೋನ್ ನನ್ನ ಪರ್ಸಿನ್ಯಾಗಿತ್ತು, ಫೋಟೋ ತಗ್ಯಾಕ ಇಸಕೊಂಡಿದ್ದೆ. ಅದರಾಗೂ ಏನೂ ಸಿಗಲಿಲ್ಲ... ಅಂದ್ರ, ಚಲೋ ಫೋಟೋ ಸಿಗಲಿಲ್ಲ ಅಂತ.

ಆರು ಹೊಡ್ಯಾಕ ಬಂದಿತ್ತು, ಆಕಿ ಇನ್ನೂ ಬಂದಿರಲಿಲ್ಲ. ಇದನ್ನ ಬಿಟ್ಟು ಮುಂದಿನ ಗಾಡಿಗೆ ಹೋಗೂಣು ಅಂದಾ ಶ್ರೇಣಿಕ. ನಾ ಬ್ಯಾಡ ಅಂದೆ. ಹೊತ್ತ ಮುಳಗೂದರಾಗ ಊಟಾ ಆಗಬೇಕಲ್ರಿ, ನೀವೂ ಜೈನರು, ನಿಮಗ... ಯಾಕ ಹುಬ್ಬ ಏರಸ್ತೀರಿ? ಹೌದು, ಅಲ್ಲಿ ಜೂನದಾಗ ಒಂಬತ್ತೂವರಿತನಾ ಬೆಳಕು. ಕಾಯಬಹುದಿತ್ತು. ಅದನ್ನೂ ಹೇಳ್ಯಾಳೇನು ನಿಮಗ? ನನ್ನ ಹೊಟ್ಟಿಗೆ ಇಚಲಕರಂಜಿ ಗಡಿಯಾರನ ಗೊತ್ತು, ಏನ ಮಾಡ್ಲಿ?

ಗಾಡಿ ಹತ್ತಿದ ಮ್ಯಾಲೂ ಮತ್ತ ಮನಾಲಿ ಎಲ್ಲಿ ಅಂತ ಕೇಳ್ದ. ಮುಂದಿನ ಡಬ್ಬಿ ಹತ್ಯಾಳ ಅಂದೆ. ಯಾರೋ ಆಕಿ ಹಂಗ ಕಂಡಿದ್ರು...

ಹಂಗ ನೋಡಬ್ಯಾಡ್ರಿ.

ಆತು. ಕಂಡಿದ್ಲು. ಪ್ಲಾಟ್‌ಫಾರ್ಮಿನ ಮ್ಯಾಲ ಓಡಿ ಬರಾಕತ್ತಿದ್ಲು, ಎದಿಗೆ ಏನೋ ಅವಚಿಕೊಂಡು. ಕಿಡಕ್ಯಾಗ ಇಬ್ಬರ ಕಣ್ಣೂ ಕೂಡಿದ್ವು. ಆಮ್ಯಾಲ ನಾ ಹಾಂಗ ಅಂದೆ. ಒಂದ ಸಲ ಬುದ್ಧಿ ಬರ್ಲಿ ಅಂತ, ಅಷ್ಟ. ಕೆಟ್ಟ ಮನಸ ಇರಲಿಲ್ರಿ.

ಒಂಬತ್ತಕ್ಕ ನಾವು ಇಳಕೊಂಡ ರೂಮಿಗೆ ಒಬ್ಬಾಕೀನ ಬಂದ್ಲು. ಕೈಯಾಗ ನನ್ನ ಥರ್ಮಾಸ. ನಂದು ಕಾಸಿದ ನೀರಿಂದು ನೇಮ ಐತೆಲ್ಲ? ಮಧ್ಯಾನ್ಹದಾಗ ನೀರ ತೀರಿತ್ತು, ನಾ ಬಾಯಿ ಒಣಗಿಸಿಕೊಂಡ ಅಡ್ಡಾಡತಿದ್ದೆ. ಭಾಷಾ ಬರಲಾರದ ಊರಾಗ ಹಾಟೇಲ ಹಾಟೇಲ ತಿರುಗಿ, ಕೈ ಸನ್ನಿ ಮಾಡಿ, ಕಡೀಕ ಯಾರದೋ ಅಡಗಿಮನ್ಯಾಗ ಕುದಿಸಿಕೊಂಡ ಬಂದಿದ್ಲು. "ಅತ್ತಿ, ಕುಡೀರಿ" ಅಂದ್ಲು. ಗಂಡಗ, "ನಾನ ತಡಾ ಮಾಡಿದೆ" ಅಂತ ಹೇಳಿದ್ಲು.

ನಾ ಕುಡದೆ, ನೂತನಬಾಯಿ. ಭಾಳ ನಾಚಿಕಿ ಬಂತು. ಆದ್ರೂ ತಪ್ಪಾತು ಅಂತ ಒಂದ ಮಾತ ಆಡಲಿಲ್ಲ ಆಕಿ ಜೋಡಿ, ಇವತ್ತಿಗೂ.

ಇರ್ಲಿ. ಇದೆಲ್ಲಾ ನಿಮಗ ಗೊತ್ತಿದ್ದದ್ದ. ಆಕಿ ಹೇಳೇ ಇರ್ತಾಳ... ತಲಿ ಯಾಕ ಅಲ್ಲಾಡಸ್ತೀರಿ? ಹೇಳಿಲ್ಲಾ? ಅತ್ತಿ ನೋಡಿ ಬಿಟ್ಟ ಹೋದ್ಲು ಅಂತ... ಏನೂ ಹೇಳಿಲ್ಲಾ? ಹದಿನೈದ ದಿನ ತಾಯಿ ಮಗ್ಗಲಾಗ ಮಲಗಿ, ಒಂದ ಮಾತೂ?

ನಾನ ಬಂದು... ನಾನ ಹೇಳಿದೆ.

ಎಲ್ಲಿಗೆ ಎದ್ರಿ? ಕುಂದರ್ರಿ. ಬೈಯ್ರಿ ನನಗ, ಕೇಳ್ತೀನಿ. ಹಿಂಗ ಹೊರಗಿನ ಬಾಗಲಾ ತಗದ ನಿಂದರಬ್ಯಾಡ್ರಿ.